ಬುಕೋವ್‌ಸ್ಕಿ ಬರೆದದ್ದು ಪದ್ಯವೋ, ಒಡೆದಿಟ್ಟ ಗದ್ಯವೋ?

ರಾತ್ರಿಪಾಳಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಒಂದು ಜಗಳ ತಲೆಯಲ್ಲಿ ಕೂತುಬಿಟ್ಟಿದೆ. ನೀವು ಬಿಡಿಸಿಕೊಡಬೇಕು.

ಧಾರವಾಡದ ಮಾಳಮಡ್ಡಿಯಲ್ಲಿ ಗೆಳೆಯರೊಬ್ಬರ ಮನೆ ಮಾಳಿಗೆ ಮೇಲೆ ತಿಂಗಳಿಗೊಮ್ಮೆ ಏಳೆಂಟು ಜನ ಸೇರುತ್ತೇವೆ. ಸಂಘಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಹಾರ-ತುರಾಯಿ ಇಲ್ಲ. ಓದುವುದು, ಗಿರ್ಮಿಟ್ ತಿನ್ನುವುದು, ವಾದ ಮಾಡುವುದು, ಅಷ್ಟೇ. ಹೋದ ಭಾನುವಾರ ನಾನು ಕುಡಿತಕ್ಕೆ ಹೆಸರಾದ ಅಮೆರಿಕದ ಕವಿ ಚಾರ್ಲ್ಸ್ ಬುಕೋವ್‌ಸ್ಕಿಯ ನಾಲ್ಕು ಕವಿತೆ ಕನ್ನಡಕ್ಕೆ ಮಾಡಿಕೊಂಡು ಹೋಗಿದ್ದೆ. ಎರಡನೆಯದು ಮುಗಿಯುವಷ್ಟರಲ್ಲಿ ನಮ್ಮ ಹಿರಿಯ ಮಾಸ್ತರರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವರು. ಷಟ್ಪದಿಗೆ ಬಾಯಲ್ಲೇ ಗಣ ಹಾಕಿ ತೋರಿಸುವವರು. "ಇದೇನೋ ತಮ್ಮಾ, ಗದ್ಯಾನ ಕಟಗಿ ಒಡದಂಗ ಒಡದು ಒಂದರ ಮ್ಯಾಲೊಂದು ಒಟ್ಟಿಯಲ್ಲೋ" ಅಂದರು.

ಪಕ್ಕದಲ್ಲಿದ್ದ ಎಂಜಿನಿಯರಿಂಗ್ ಹುಡುಗ ಸುಮ್ನೆ ಇರಬೇಕೋ ಬೇಡವೋ? "ಸರ್, ಖರೇ ಕವಿತಾ ಅಂದ್ರ ಇದಾ. ನಿಮ್ಮವೆಲ್ಲಾ ಲಗ್ನಪತ್ರಿಕಿ ಮ್ಯಾಲ ಹಾಕೋವು" ಅಂದುಬಿಟ್ಟ. ಅಲ್ಲಿಗೆ ಸಭೆ ಮುಗಿಯಿತು. ಉಳಿದ ಎರಡು ಕವಿತೆ ನನ್ನ ಕಿಸೆಯಲ್ಲೇ ವಾಪಸ್ ಬಂದವು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬರುವಾಗ ಯೋಚನೆ ಮಾಡಿದೆ. ಮಾಸ್ತರರು ಕವಿತೆಯಲ್ಲಿ ಪ್ರಾಸ ಹುಡುಕಿದರು, ಹುಡುಗ ಬಾಟ್ಲಿ ಹುಡುಕಿದ. ಕವಿತೆ ಕೇಳಿದವರು ಯಾರು?

ನನಗೆ ಈ ಮನುಷ್ಯ ಹಿಡಿಸಿದ್ದಕ್ಕೆ ಕಾರಣ ಸಾಹಿತ್ಯ ಅಲ್ಲ. ನಾನು ಸ್ಟೇಶನ್ ಹತ್ತಿರದ ರೈಲ್ವೆ ಟಪಾಲು ಕಚೇರಿ ಆರ್‌ಎಂಎಸ್‌ನಲ್ಲಿ ಟಪಾಲು ವಿಂಗಡಿಸುತ್ತಿದ್ದವನು. ಹೆಚ್ಚೆಲ್ಲ ರಾತ್ರಿ ಪಾಳಿ. ಅವನದೂ ಅದೇ ಕೆಲಸ. 1950ರ ದಶಕದ ಮೊದಲಿಗೆ ಎರಡು-ಮೂರು ವರ್ಷ ಮನೆಮನೆಗೆ ಟಪಾಲು ಹಂಚಿದ. ಬಿಟ್ಟ. 1958ರಲ್ಲಿ ಮತ್ತೆ ಸೇರಿ, 1969ರವರೆಗೆ ಲಾಸ್ ಏಂಜಲೀಸಿನಲ್ಲಿ ಗೂಡುಗಳ ಮುಂದೆ ಕೂತ. ಅವನ 'ಪೋಸ್ಟ್ ಆಫೀಸ್' ಕಾದಂಬರಿಯಲ್ಲಿ ಯಾವ ಬೀದಿ ಯಾವ ಗೂಡಿಗೆ ಅಂತ ಬಾಯಿಪಾಠ ಮಾಡುವ ಭಾಗ ಓದುವಾಗ ನನ್ನ ಬಲಗೈ ತಾನಾಗಿ ಆಡತೊಡಗಿತು. ಶಿಗ್ಗಾವಿ ಮೇಲೆ, ಸವಣೂರು ಅದರ ಕೆಳಗೆ, ರೋಣ ಬಲಕ್ಕೆ. ನಿವೃತ್ತಿಯಾಗಿ ಐದು ವರ್ಷವಾದರೂ ಕೈಗೆ ನೆನಪಿದೆ.

ನನ್ನ ಪ್ರಶ್ನೆ ಇದು. ಅವನ ದೇಶದ ವಿಮರ್ಶಕರು ಅವನನ್ನು ಹೇಗೆ ಓದಿದರು? ಅಲ್ಲೂ ಹೀಗೇ ಮಾಸ್ತರರು ಒಂದು ಕಡೆ, ಹುಡುಗರು ಒಂದು ಕಡೆ ಆದರಾ? ಕನ್ನಡದಲ್ಲಿ ಇಂಥದ್ದು ಬಂದಾಗ ಏನಾಯಿತು?

—

ಸಪ್ತಾಪುರದ ಅಕ್ಕ, ಧಾರವಾಡ

ಅಣ್ಣಾವರೇ, ಮೊದಲೇ ಹೇಳಿಬಿಡ್ತೀನಿ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಬುಕೋವ್‌ಸ್ಕಿಯನ್ನು ಎರಡು ಸಲ ಗೋಡೆಗೆ ಎಸೆದಿದ್ದೇನೆ, ಮೂರು ಸಲ ಎತ್ತಿಕೊಂಡಿದ್ದೇನೆ.

ನಿಮ್ಮ ಮಾಳಿಗೆಯ ಜಗಳ ಅಲ್ಲಿ ಹೆಚ್ಚುಕಡಿಮೆ ಅರವತ್ತು ವರ್ಷದಿಂದ ನಡೆದಿದೆ. ಅವನು ಬೆಳೆದದ್ದೇ ಸಣ್ಣ ಪತ್ರಿಕೆಗಳಲ್ಲಿ, ಸೈಕ್ಲೋಸ್ಟೈಲ್ ಹಾಳೆಗಳಲ್ಲಿ. ಮೊದಲ ಪುಟ್ಟ ಸಂಕಲನ ಬಂದದ್ದು 1960ರಲ್ಲಿ, ಅವನಿಗೆ ನಲವತ್ತು ತುಂಬಿದ ವರ್ಷ. ನ್ಯೂ ಆರ್ಲಿಯನ್ಸ್‌ನಲ್ಲಿ ಜಾನ್ ಮತ್ತು ಲೂಯಿಸ್ ವೆಬ್ ಅಂತ ಗಂಡ-ಹೆಂಡತಿ 'ದಿ ಔಟ್‌ಸೈಡರ್' ಪತ್ರಿಕೆ ನಡೆಸುತ್ತಿದ್ದರು. ಅವರೇ ಅವನನ್ನು ಮೊದಲು ಮೆರೆಸಿದವರು. 1963ರಲ್ಲಿ ಅವನ ಒಂದು ಸಂಕಲನವನ್ನು 777 ಪ್ರತಿ, ಕೈಯಲ್ಲೇ ಅಚ್ಚು ಹಾಕಿ ತಂದರು. ಅದನ್ನು ಕವಿ-ವಿಮರ್ಶಕ ಕೆನೆತ್ ರೆಕ್ಸ್‌ರಾತ್ 1964ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಗಮನಿಸಿ ಬರೆದರು. ಹಾಗಾಗಿ 'ಯಾರೂ ಕಣ್ಣೆತ್ತಿ ನೋಡಲಿಲ್ಲ' ಅನ್ನುವ ಕಥೆ ಪೂರ್ತಿ ಖರೆ ಅಲ್ಲ. ಆದರೆ ಯೂನಿವರ್ಸಿಟಿಗಳು ದೂರ ಉಳಿದದ್ದು ಖರೆ.

1969ರಲ್ಲಿ ಬ್ಲ್ಯಾಕ್ ಸ್ಪ್ಯಾರೋ ಪ್ರೆಸ್ಸಿನ ಜಾನ್ ಮಾರ್ಟಿನ್ 'ನೌಕರಿ ಬಿಡು, ಸಾಯೋವರೆಗೂ ತಿಂಗಳಿಗೆ 100 ಡಾಲರ್ ಕೊಡ್ತೀನಿ' ಅಂದ. ಬಿಟ್ಟ. 1971ರಲ್ಲಿ ನೀವು ಓದಿದ ಆ 'ಪೋಸ್ಟ್ ಆಫೀಸ್' ಬಂತು. ಅಷ್ಟರಲ್ಲಿ ಜರ್ಮನಿಯಲ್ಲಿ ಕಾರ್ಲ್ ವೈಸ್ನರ್ ಅವನನ್ನು ಅನುವಾದ ಮಾಡುತ್ತಿದ್ದ. ಅಲ್ಲಿ ಅವನು ಸ್ವಂತ ನಾಡಿಗಿಂತ ಜಾಸ್ತಿ ಓಡಿದ. ಹುಟ್ಟಿದ್ದೂ ಅಲ್ಲೇ ಬಿಡಿ, ಆಂಡರ್‌ನಾಖ್ ಅನ್ನುವ ಊರಲ್ಲಿ. 1986ರಲ್ಲಿ ಟೈಮ್ ಪತ್ರಿಕೆ ಅವನನ್ನು ಅಮೆರಿಕದ ಕೆಳಬದುಕಿನ ಆಸ್ಥಾನಕವಿ ಅನ್ನುವ ಅರ್ಥದಲ್ಲಿ ಕರೆಯಿತು. ಅದು ಹೊಗಳಿಕೆಯೋ ಕುಟುಕೋ, ಇವತ್ತಿಗೂ ನನಗೆ ತಿಳಿದಿಲ್ಲ. 'ಫ್ರಾನ್ಸಿನ ಲೇಖಕರಾದ ಸಾರ್ತ್ರ್ ಮತ್ತು ಜೆನೆ ಇವನನ್ನು ಅಮೆರಿಕದ ಶ್ರೇಷ್ಠ ಕವಿ ಅಂದಿದ್ದರು' ಅಂತ ಒಂದು ಮಾತು ಓಡಾಡುತ್ತದೆ. ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಆ ಹುಡುಗ ಹೇಳಿದರೆ ನಂಬಬೇಡಿ.

ಗಂಭೀರವಾಗಿ ಓದಿದವರೂ ಇದ್ದಾರೆ. ರಸೆಲ್ ಹ್ಯಾರಿಸನ್ 1994ರಲ್ಲಿ ಒಂದು ಪ್ರಬಂಧಗಳ ಪುಸ್ತಕ ತಂದರು. ಕುಡಿತ, ಕುದುರೆ ರೇಸು ಎಲ್ಲ ಬದಿಗಿಟ್ಟು, ಇವನು ಕೂಲಿ ಕೆಲಸದ ಬಗ್ಗೆ, ಕೆಲಸ ಮನುಷ್ಯನನ್ನು ಏನು ಮಾಡುತ್ತದೆ ಅನ್ನುವುದರ ಬಗ್ಗೆ ಬರೆದ ಕವಿ ಅಂತ ತೋರಿಸಿದರು. ನಿಮ್ಮ ಬಲಗೈ ಆಡಿದ್ದು ಇದಕ್ಕೇ ಅಲ್ವಾ?

ಇನ್ನು ಗೋಡೆಗೆ ಎಸೆದ ವಿಷಯ. ಅವನ ಹೆಂಗಸರು ಬಹಳ ಸಲ ಬರೀ ಕಾಲು, ಬರೀ ಕಿರುಚಾಟ. ಹೆಸರಿದ್ದರೂ ಮುಖ ಇರುವುದಿಲ್ಲ. 'ಅದು ಅವನ ಪಾತ್ರ, ಅವನಲ್ಲ' ಅಂತ ಸಮಜಾಯಿಷಿ ಕೊಡುತ್ತಾರೆ. ಪಾತ್ರಕ್ಕೆ ಒಂದು ಪುಸ್ತಕ ಸಾಕು, ನಲವತ್ತು ಬೇಕಾಗುವುದಿಲ್ಲ. ಹಸಿಹಸಿಯಾಗಿ ಬರೆದದ್ದೆಲ್ಲ ಪ್ರಾಮಾಣಿಕ ಅಂದುಕೊಳ್ಳುವ ಚಟ ನಮ್ಮ ಹುಡುಗರಿಗಿದೆ. ನೀಲಿ ಹಕ್ಕಿಯ ಒಂದು ಕವಿತೆ ಇನ್‌ಸ್ಟಾಗ್ರಾಮ್ ರೀಲುಗಳಲ್ಲಿ ತಿರುಗುತ್ತದೆ. ಅದೊಂದನ್ನೇ ಓದಿ ಗಡ್ಡ ಬಿಟ್ಟವರು ನನ್ನ ಕ್ಲಾಸಿನಲ್ಲೇ ಮೂವರಿದ್ದಾರೆ.

—

ಸವಣೂರ ಖಾರಾ, ಹಾವೇರಿ ಜಿಲ್ಲೆ

ಅಕ್ಕಾವರು ಅಮೆರಿಕ ಮುಗಿಸಿದರು, ನಾನು ನಮ್ಮ ತಾಲೂಕು ಮುಗಿಸುತ್ತೇನೆ.

'ನವ್ಯ ಕವಿತೆಗಳು' ಅಂತ 1950ರಲ್ಲಿ ಸಂಕಲನ ತಂದ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಮುಂದೆ ಗೋಪಾಲಕೃಷ್ಣ ಅಡಿಗರ ಕೈಗೆ ಬಂದ ಮೇಲೆ ಮುಕ್ತ ಛಂದ, ಅಂದರೆ ಗಣ-ಪ್ರಾಸದ ಕಟ್ಟಿಲ್ಲದ ಪದ್ಯ, ಊರೆಲ್ಲ ಹರಡಿತು. ಅದೇ ತಾಲೂಕಿನ ಹತ್ತಿಮತ್ತೂರಲ್ಲಿ 1939ರಲ್ಲಿ ಹುಟ್ಟಿದವರು ಚಂಪಾ, ಅಂದರೆ ಚಂದ್ರಶೇಖರ ಪಾಟೀಲರು. 1964ರಲ್ಲಿ ಧಾರವಾಡದಲ್ಲಿ ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಜೊತೆ 'ಸಂಕ್ರಮಣ' ಶುರು ಮಾಡಿದರು. ಸಣ್ಣ ಪತ್ರಿಕೆ ಅಂದರೆ ಏನು ಅಂತ ನಮಗೆ ಅಮೆರಿಕದವರು ಕಲಿಸಬೇಕಾಗಿಲ್ಲ. ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಪಾಠ, ಹೊರಗೆ ಎಲ್ಲರ ಕಾಲೆಳೆಯುವ ಕವಿತೆ, ತುರ್ತು ಪರಿಸ್ಥಿತಿಯಲ್ಲಿ ಜೈಲು. ಅವರನ್ನೂ 'ಜಾಣ, ಆದರೆ ಗಂಭೀರ ಕವಿ ಅಲ್ಲ' ಅಂತ ಮೂಗು ಮುರಿದವರು ಕಡಿಮೆ ಇರಲಿಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗಲೂ 'ಇದು ಘೋಷಣೆ, ಕಾವ್ಯ ಅಲ್ಲ' ಅಂತ ಹೇಳಿದರು. ಆ ಪದ್ಯಗಳನ್ನು ಕೂಲಿ ಮಾಡುವವರು ರಸ್ತೆಯಲ್ಲಿ ಹಾಡಿಕೊಂಡು ಹೋದರು. ವಿಮರ್ಶೆ ಆಮೇಲೆ ಓಡಿ ಬಂದು ಮೆರವಣಿಗೆ ಸೇರಿಕೊಂಡಿತು.

ಎರಡು ತಕರಾರು ಮಾತ್ರ ಇವೆ. ಒಂದು, ಬುಕೋವ್‌ಸ್ಕಿಯನ್ನು ಬಂಡಾಯದ ಪಂಕ್ತಿಯಲ್ಲಿ ಕೂರಿಸಬೇಡಿ. ಸಿದ್ಧಲಿಂಗಯ್ಯನವರ ಸಿಟ್ಟಿನ ಹಿಂದೆ ಒಂದು ಕೇರಿಯೇ ನಿಂತಿತ್ತು. ಇವನ ಹಿಂದೆ ಇದ್ದದ್ದು ಬಾಡಿಗೆ ಖೋಲಿ, ಒಂದು ರೇಡಿಯೋ. ಆ ಕಾಲದ ಅಮೆರಿಕದ ಬಂಡುಕೋರರ ಗುಂಪು, ಬೀಟ್ ಕವಿಗಳ ಜೊತೆಗೂ ಸೇರಲಿಲ್ಲ. ಎರಡು, 'ವಚನಗಳೂ ಹೀಗೇ ಅಲ್ವಾ' ಅಂತ ಮಾಸ್ತರರಿಗೆ ಹೇಳೋಕೆ ಹೋಗಬೇಡಿ. ಎಲ್ಲರೂ ಅದನ್ನೇ ಹೇಳುತ್ತಾರೆ. ವಚನಕ್ಕೆ ಅಂಕಿತ ಇದೆ, ಮಾತು ಹೋಗಿ ಕೂರುವ ಒಂದು ಕಟ್ಟೆ ಇದೆ. ಇವನ ಕವಿತೆಗೆ ಆ ಕಟ್ಟೆ ಇಲ್ಲ. ದೀಪ ಆರಿಸಿ ಮಲಗಿದ ಹಾಗೆ ಮುಗಿಯುತ್ತದೆ.

ಮತ್ತೆ ಒಂದು ತಮಾಷೆ. ಚಂಪಾ ಕಡೆಗೆ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾದರು. ಸಿದ್ಧಲಿಂಗಯ್ಯ ವಿಧಾನ ಪರಿಷತ್ತಿಗೆ ಹೋದರು. ಬುಕೋವ್‌ಸ್ಕಿಯ ಕಾಗದ-ಪತ್ರ 2006ರಲ್ಲಿ ಹಂಟಿಂಗ್ಟನ್ ಲೈಬ್ರರಿಗೆ ಸೇರಿದವು. ಗುಟೆನ್‌ಬರ್ಗ್ ಬೈಬಲ್ ಇಟ್ಟಿರುವ ಲೈಬ್ರರಿ ಅದು. ಬಾಗಿಲು ಒದ್ದವರಿಗೆಲ್ಲ ಕೊನೆಗೆ ಒಳಗೆ ಕುರ್ಚಿ ಇರುತ್ತದೆ ನೋಡಿ.

—

ರಾತ್ರಿಪಾಳಿ, ಹುಬ್ಬಳ್ಳಿ

ಇಬ್ಬರಿಗೂ ಧನ್ಯವಾದ. ಆದರೆ ಮಾಸ್ತರರ ಪ್ರಶ್ನೆ ಹಾಗೇ ಉಳಿಯಿತಲ್ಲ. ಕೂಲಿ ಬಗ್ಗೆ ಬರೆದ, ಹೆಂಗಸರ ಬಗ್ಗೆ ಕೆಟ್ಟದಾಗಿ ಬರೆದ, ಸಂಘಕ್ಕೆ ಸೇರಲಿಲ್ಲ, ಇವೆಲ್ಲ ಮನುಷ್ಯನ ವಿಚಾರ. ಸಾಲನ್ನು ಅಲ್ಲೇ ಯಾಕೆ ಮುರಿದ? ಅದನ್ನು ಯಾರು ಹೇಳುತ್ತೀರಿ?

—

ಮೊಳೆ ಜೋಡಿಸಿದವ, ಬೆಟಗೇರಿ

ನಾನು ಹೇಳಬಹುದಾ? ವಿಮರ್ಶಕ ಅಲ್ಲ, ಕಂಪೋಸಿಟರ್. ನಮ್ಮ ಗದಗಿಗೆ ಮುದ್ರಣ ಕಾಶಿ ಅಂತಾರೆ. ಆ ಕಾಶಿಯಲ್ಲಿ ಹದಿನಾರನೇ ವಯಸ್ಸಿಗೆ ಪ್ರೆಸ್ಸು ಸೇರಿದೆ. ಕಂಪ್ಯೂಟರ್ ಬಂದು ನಮ್ಮ ಕೇಸುಗಳನ್ನೆಲ್ಲ (ಅಕ್ಷರ ಇಡುವ ಗೂಡಿನ ಪೆಟ್ಟಿಗೆ) ತೂಕಕ್ಕೆ ಹಾಕುವವರೆಗೂ ಸೀಸದ ಮೊಳೆ, ಅಂದರೆ ಅಚ್ಚಿನ ಅಕ್ಷರ, ಜೋಡಿಸಿದೆ. ಇಂಗ್ಲಿಷ್ ಅಷ್ಟಕ್ಕಷ್ಟೆ. ಮಗಳು ನಿಮ್ಮ ಕವಿಯ ಐದಾರು ಪದ್ಯ ಓದಿ ಅರ್ಥ ಹೇಳಿದಳು.

ಮೊಳೆ ಕೆಲಸ ಕಾಣದವರಿಗೆ ಒಂದು ಮಾತು. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ಕು, ಬಲಗೈ ಕೇಸಿನಲ್ಲಿ. ಒಂದೊಂದೇ ಅಕ್ಷರ ಹೆಕ್ಕಿ ತಲೆಕೆಳಗಾಗಿ ನಿಲ್ಲಿಸಬೇಕು. ಒತ್ತಕ್ಷರ ಬೇರೆ, ಕೊಂಬು ಬೇರೆ. ಸಾಲು ಒಂದೇ ಅಳತೆಗೆ ಬಿಗಿಯಾಗಿ ಕೂರಬೇಕು. ಸಡಿಲ ಆದರೆ ಮಷಿನ್ ಮೇಲೆ ಮೊಳೆ ಉದುರುತ್ತವೆ. ಅಂದಮೇಲೆ ಎರಡೇ ಶಬ್ದದ ಸಾಲು ಬಂದರೆ ಉಳಿದ ಜಾಗ ಏನು ಮಾಡಬೇಕು? ಖಾಲಿ ಬಿಡೋಹಾಗಿಲ್ಲ. ಅಲ್ಲೂ ಸೀಸ ತುಂಬಬೇಕು. ಅದಕ್ಕೆ ಕ್ವಾಡ್ ಅಂತೀವಿ. ಅಕ್ಷರಕ್ಕಿಂತ ಗಿಡ್ಡ ಇರುತ್ತದೆ, ಮಸಿ ತಾಕುವುದಿಲ್ಲ. ನೀವು ಹಾಳೆ ಮೇಲೆ ನೋಡುವ ಬಿಳಿ ನಮ್ಮ ಕೈಗೆ ಕರೀ ಸೀಸ. ತೂಕ ಇದೆ ಅದಕ್ಕೆ.

ನಮ್ಮದು ಜಾಸ್ತಿ ಲಗ್ನಪತ್ರಿಕೆ, ಬಿಲ್ ಬುಕ್ಕು, ಎಪಿಎಂಸಿ ದಲಾಲರ ಪಟ್ಟಿ ಪುಸ್ತಕ. ಎಂಬತ್ತರ ದಶಕದಲ್ಲಿ ರೋಣದ ಕಡೆಯಿಂದ ಒಬ್ಬ ಹುಡುಗ ಬಂದ. ಸ್ವಂತ ದುಡ್ಡಿನಲ್ಲಿ 300 ಪ್ರತಿ ಪದ್ಯದ ಪುಸ್ತಕ ಹಾಕಿಸಬೇಕು ಅಂತ. ಕಂತಿನ ಮೇಲೆ ಕೊಡೋನು. ಒಂದು ಪದ್ಯ ಅವರಪ್ಪ ಸರ್ಕಾರಿ ದವಾಖಾನೆಯಲ್ಲಿ ಸತ್ತದ್ದು. ಸಣ್ಣ ಸಣ್ಣ ಸಾಲು. ಒಂದೊಂದು ಸಾಲಿನಲ್ಲಿ ಒಂದೇ ಶಬ್ದ. ಪುಟದಲ್ಲಿ ಅಕ್ಷರಕ್ಕಿಂತ ಕ್ವಾಡೇ ಜಾಸ್ತಿ. ನನ್ನ ಕೇಸಿನಲ್ಲಿ ಕ್ವಾಡ್ ಖಾಲಿ ಆದವು. ಮಾಲಕರು 'ಅವಸರ ಮಾಡು' ಅಂತಿದ್ದರು. ನಾನೇನು ಮಾಡಿದೆ, ಎರಡೆರಡು ಸಾಲು ಕೂಡಿಸಿಬಿಟ್ಟೆ. ಮೂರು ಪುಟದ ಪದ್ಯ ಒಂದೂವರೆ ಪುಟಕ್ಕೆ ಬಂತು. ಆತನಿಗೂ ಕಾಗದ ಉಳೀತು ಅಂತ ಖುಷಿಪಟ್ಟೆ. ಇನ್ನೊಂದು ಮಾಡಿದೆ. ಪದ್ಯದಲ್ಲಿ 'ಉಚ್ಚಿ ವಾಸನಿ' ಅಂತ ಇತ್ತು. ಪುಸ್ತಕದಲ್ಲಿ ಹಂಗ ಬರಬಾರದು ಅಂತ 'ಮೂತ್ರದ ವಾಸನೆ' ಮಾಡಿದೆ. ಉಪಕಾರ ಮಾಡಿದೆ ಅಂತಲೇ ನನ್ನ ನಂಬಿಕೆ.

ಪ್ರೂಫ್ ನೋಡಿದವನು ಕಣ್ಣು ಕೆಂಪು ಮಾಡಿಕೊಂಡು ಬಂದ. ಕೂಗಾಡುತ್ತಾನೆ ಅಂದುಕೊಂಡೆ. ಕೂಗಲಿಲ್ಲ. "ನಮ್ಮಪ್ಪ ಮೂತ್ರ ಮಾಡಲಿಲ್ಲಣ್ಣ, ಉಚ್ಚಿ ಹೊಯ್ದ" ಅಂದ. ಆಮೇಲೆ ಪ್ರೂಫ್ ಹಾಳೆ ಮೇಲೆ ಬೆರಳಿಟ್ಟು ತೋರಿಸಿದ. ಅವನು ಬರೆದದ್ದು ಹೀಗಿತ್ತು. 'ನರ್ಸು' ಒಂದು ಸಾಲು. 'ಬರಲಿಲ್ಲ' ಕೆಳಗಿನ ಸಾಲು. "ಈ ಎರಡರ ನಡುವ ನಾನು ಇಡೀ ರಾತ್ರಿ ಕುಂತೀನಣ್ಣ. ನೀನು ಅದನ್ನ ಕೂಡಿಸಿಬಿಟ್ಟಿ" ಅಂದ.

ಏನು ಹೇಳಲಿ? ಪಕ್ಕದ ಪ್ರೆಸ್ಸಿಗೆ ಹೋಗಿ ಕ್ವಾಡ್ ಕಡ ತಂದೆ. ಎಲ್ಲ ಬಿಚ್ಚಿ ಮತ್ತೆ ಜೋಡಿಸಿದೆ. ಎರಡು ದಿನ ಹೋಯಿತು, ಮಾಲಕರು ಪಗಾರದಲ್ಲಿ ಹಿಡಿದುಕೊಂಡರು. 'ನರ್ಸು' ಆದ ಮೇಲೆ ಸಾಲಿನ ತುದಿವರೆಗೂ ಕ್ವಾಡ್ ತುಂಬುವಾಗ ಕೈ ನಿಧಾನ ಆಯಿತು. ಅಷ್ಟುದ್ದ ಇತ್ತು ಆ ರಾತ್ರಿ.

ಅದಕ್ಕೇ ನನಗೆ ಆ ವೆಬ್ ಗಂಡ-ಹೆಂಡತಿ ಮೇಲೆ ಪ್ರೀತಿ. ಕೈಯಲ್ಲಿ ಜೋಡಿಸಿ ಅಚ್ಚು ಹಾಕುವವರು ಪ್ರತಿ ಸಾಲಿನ ತುದಿಗೂ ಒಂದು ಸಲ ನಿಂತಿರುತ್ತಾರೆ. ಅವರಿಗಿಂತ ಹತ್ತಿರದಿಂದ ಆ ಕವಿತೆ ಓದಿದ ವಿಮರ್ಶಕ ಯಾರಿದ್ದಾನೆ?

ಮಾಸ್ತರರಿಗೆ ಒಂದು ಉಪಾಯ ಹೇಳಿ. ನಿಮ್ಮ ಅನುವಾದ ತೆಗೆದುಕೊಂಡು ಸಾಲುಗಳನ್ನೆಲ್ಲ ಕೂಡಿಸಿ ಒಂದು ಪ್ಯಾರಾ ಮಾಡಿ ಓದಲಿ. ಏನೂ ಕಳೆದುಹೋಗದಿದ್ದರೆ ಅವರು ಹೇಳಿದ್ದೇ ಸರಿ, ಕಟಗಿ ಒಡೆದದ್ದೇ. ಎಲ್ಲೋ ಒಂದು ಕಡೆ ತಡವರಿಸಿದರೆ ಅಲ್ಲಿ ಪದ್ಯ ಇದೆ.

—

ಸಪ್ತಾಪುರದ ಅಕ್ಕ, ಧಾರವಾಡ

ಕಾಕಾ, ನಿಮ್ಮ ಉಪಾಯವನ್ನು ಈಗಷ್ಟೇ ಪ್ರಯತ್ನಿಸಿದೆ. ಹತ್ತು ಕವಿತೆ ಕೂಡಿಸಿ ಓದಿದೆ. ಐದು ಏನೂ ಆಗದೆ ಪ್ಯಾರಾ ಆದವು. ಅವನು ವಿಪರೀತ ಬರೆದ, ದಿನಾ ಬರೆದ, ಎಲ್ಲವನ್ನೂ ಅಚ್ಚಿಗೆ ಕೊಟ್ಟ. ಉಳಿದ ಐದರಲ್ಲಿ ನಾಲಿಗೆ ನಿಂತಿತು. ಒಂದು ಕಡೆಯಂತೂ ನಾನು ಗೋಡೆಗೆ ಎಸೆದ ಪುಸ್ತಕದಲ್ಲೇ ನಿಂತಿತು, ಏನು ಮಾಡ್ಲಿ.

ನಿಮ್ಮ 'ಮೂತ್ರ'ದ ಕಥೆ ಓದಿ ಬೆಚ್ಚಿದೆ. ಅಲ್ಲೂ ಅದೇ ಆಗಿದೆ! ಬುಕೋವ್‌ಸ್ಕಿ 1994ರಲ್ಲಿ ತೀರಿಕೊಂಡ. ಆಮೇಲೆ ಅವನ ಅಚ್ಚಾಗದ ಕವಿತೆಗಳ ಸಂಕಲನಗಳು ಸಾಲುಸಾಲಾಗಿ ಬಂದವು, ಹೆಚ್ಚಿನವು ಅದೇ ಜಾನ್ ಮಾರ್ಟಿನ್ ಸಂಪಾದನೆಯಲ್ಲಿ. ಓದುಗರೇ ಅವನು ಟೈಪ್ ಮಾಡಿದ ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡಿದರು. ಶಬ್ದ ಬದಲಾಗಿದ್ದವು, ಸಾಲು ಬದಲಾಗಿದ್ದವು, ಕುಡಿತದ, ಒರಟುತನದ ಮಾತು ಮೆತ್ತಗಾಗಿದ್ದವು. ದೊಡ್ಡ ಗಲಾಟೆ ಆಯಿತು. ಏಬಲ್ ಡೆಬ್ರಿಟ್ಟೊ ಅನ್ನುವ ಸಂಶೋಧಕರು 2016ರ ಆಯ್ದ ಕವಿತೆಗಳಲ್ಲಿ ಮತ್ತೆ ಹಸ್ತಪ್ರತಿಯ ಪಾಠಕ್ಕೆ ಹೋದರು. ನನಗೆ ಅನಿಸುವುದು, ಅವನ ಬಗ್ಗೆ ಬಂದ ಅತಿ ಒಳ್ಳೆಯ ವಿಮರ್ಶೆ ಇದೇ. 'ಬಾಯಿಗೆ ಬಂದ ಹಾಗೆ ಗೀಚಿದ' ಅಂತ ಎಲ್ಲರೂ ಅಂದಿದ್ದರಲ್ಲ, ಬೇರೆಯವರು ಒಂದು ಶಬ್ದ ಮುಟ್ಟಿದ ಕೂಡಲೇ ಕವಿತೆ ಕೆಟ್ಟದ್ದು ಗೊತ್ತಾಯಿತು. ಗೀಚಿದ್ದಾದರೆ ಕೆಡುವುದು ಹೇಗೆ?

ರಾತ್ರಿಪಾಳಿ ಅಣ್ಣಾ, ನೀವು ಯಾವ ಪುಸ್ತಕದಿಂದ ಅನುವಾದ ಮಾಡಿದಿರಿ?

—

ರಾತ್ರಿಪಾಳಿ, ಹುಬ್ಬಳ್ಳಿ

ಎದ್ದು ಹೋಗಿ ನೋಡಿ ಬಂದೆ. 'ದಿ ಪ್ಲೆಶರ್ಸ್ ಆಫ್ ದಿ ಡ್ಯಾಮ್ಡ್', 2007. ಸಂಪಾದಕ ಜಾನ್ ಮಾರ್ಟಿನ್. ಇದರಲ್ಲಿ ಅವನಿದ್ದಾಗ ಬಂದವೂ ಇವೆ, ಸತ್ತ ಮೇಲೆ ಬಂದವೂ ಇವೆ. ನಾನು ಸುಮ್ನೆ ಇಷ್ಟವಾದವನ್ನು ಆರಿಸಿಕೊಂಡಿದ್ದೆ. ಈಗ ಹುಡುಕಿದರೆ, ಮಾಸ್ತರರು ಕನ್ನಡಕ ತೆಗೆದಿಟ್ಟರಲ್ಲ, ಆ ಎರಡನೆಯ ಕವಿತೆ ಸತ್ತ ಮೇಲೆ ಬಂದದ್ದು.

ಇನ್ನೂ ಒಂದು ಒಪ್ಪಿಕೊಳ್ಳಬೇಕು. ಅದರಲ್ಲಿ ಮಾರ್ಟಿನ್ ಏನು ತಿದ್ದಿದನೋ, ನಾನೂ ತಿದ್ದಿದ್ದೇನೆ. ಎರಡು ಕಡೆ ಸಾಲು ಉದ್ದ ಮಾಡಿದೆ, ಓದೋಕೆ ಸರಾಗ ಆಗಲಿ ಅಂತ. ಒಂದು ಬೈಗುಳವನ್ನು ಮಾಸ್ತರರು ಬೇಜಾರಾಗುತ್ತಾರೆ ಅಂತ 'ಛೇ' ಮಾಡಿದ್ದೆ.

ಮೊಳೆ ಕಾಕಾ, ಮುಂದಿನ ಸಲ ಮಾಳಮಡ್ಡಿಗೆ ನೀವೇ ಬರಬೇಕು. ಧಾರವಾಡ ಸ್ಟೇಶನ್ನಿಗೆ ನಾನು ಗಾಡಿ ತರ್ತೀನಿ. ಒಂದೆರಡು ಕ್ವಾಡ್ ಉಳಿದಿದ್ದರೆ ಕಿಸೆಯಲ್ಲಿ ಹಾಕಿಕೊಂಡು ಬನ್ನಿ, ಮಾಸ್ತರರ ಕೈಗೆ ಕೊಡೋಣ.

—

ಮೊಳೆ ಜೋಡಿಸಿದವ, ಬೆಟಗೇರಿ

ಉಳಿದಿವೆ. ಮೊಮ್ಮಗಳು ಆಟಕ್ಕೆ ಇಟ್ಟುಕೊಂಡಿದ್ದಳು, ಸೀಸ ಬಾಯಿಗೆ ಹಾಕಿಕೊಳ್ಳುತ್ತಾಳೆ ಅಂತ ಮಗಳು ಮೇಲಿನ ಮಾಡದಲ್ಲಿ ಇಟ್ಟಿದ್ದಾಳೆ. ಇಳಿಸಿಕೊಂಡು ಬರ್ತೀನಿ. ಆ 'ಛೇ' ಮಾತ್ರ ಅಷ್ಟರಲ್ಲಿ ತೆಗೆದಿರಿ.